ಜಿಲ್ಲೆಗೊಂದು ಪತ್ರಾಗಾರ ಬೇಕು

ಶಾನುಭೋಗಿಕೆ, ಪಟೇಲಿಕೆ, ಕುಲಕರ್ಣಿಕೆಗಳು ಅಪ್ಪನಿಂದ ಮಗನಿಗೆ ದಾಟಿಬರುವ ಪದ್ಧತಿಯನ್ನು ರಾಜ್ಯ ಸರ್ಕಾರ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯ ಮೂಲಕ ಕೊನೆಗೊಳಿಸಿತು. ಆಗಬೇಕಾದದ್ದೇ ಆಯಿತು. ಇಡೀ ಊರಿನ ಲೆಕ್ಕ ಒಂದೇ ಮನೆತನದ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದು ರೈತರಿಗೆ ಚೆನ್ನಾಗಿ ಗೊತ್ತಿತ್ತು. ಹುದ್ದೆಯ ಜೊತೆಗೆ ಸರ್ಕಾರಿ ದಫ್ತರವೂ ತಾಲ್ಲೂಕು ಕಚೇರಿಗೆ ಹೋಯಿತು. ಆದರೆ ಕ್ರಯಪತ್ರ, ಸಾಲದ ಚೀಟಿ, ಪಾಲುಪಟ್ಟಿ, ಜಾತ್ರೆಯ ಖರ್ಚಿನ ಲೆಕ್ಕ, ಬೀಗರ ಕಾಗದಗಳೆಲ್ಲ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಅಟ್ಟ ಸೇರಿದವು. ಇವತ್ತು ಆ ಮನೆಗಳು ಒಂದೊಂದಾಗಿ ಉರುಳುತ್ತಿವೆ. ತೊಲೆ, ಕಂಬ, ಬಾಗಿಲುವಾಡಗಳಿಗೆ ಗಿರಾಕಿಗಳಿದ್ದಾರೆ. ಕಾಗದದ ಕಟ್ಟು ಮಾತ್ರ ರದ್ದಿಗೆ ಹೋಗುತ್ತದೆ.

ನಮ್ಮಲ್ಲಿ ಚರಿತ್ರೆಯೆಂದರೆ ಕಲ್ಲು. ಇದಕ್ಕೆ ಕಾರಣವೂ ಇದೆ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ 9 ಸಾವಿರದ ಸಮೀಪ ಶಾಸನಗಳು ಸಿಕ್ಕಿದವು; ಅಷ್ಟು ಭದ್ರವಾದ ಅಡಿಪಾಯ ಸಿಕ್ಕಿದ ಮೇಲೆ ಅದರ ಮೇಲೆಯೇ ಮನೆ ಎದ್ದಿತು. ಕಲ್ಲಿನ ಮೇಲಿನ ಪ್ರೀತಿ ಈಗಲೂ ಬತ್ತಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ, ಗಂಗ ದೊರೆ ಶ್ರೀಪುರುಷನ ಕಾಲದ ಆ ಕಲ್ಲಿಗೆ ಸ್ಥಳೀಯರೂ ಇತಿಹಾಸಾಸಕ್ತರೂ ಸೇರಿ ಮಂಟಪ ಕಟ್ಟಿಸಿದರು. ಮೆಚ್ಚಬೇಕಾದ ಕೆಲಸ. ಆದರೆ ಶಾಸನ ಹೇಳುವುದು ಹೆಚ್ಚಾಗಿ ದಾನ, ಯುದ್ಧ, ದೇವಾಲಯಗಳ ಮಾತು. ಬರಗಾಲದಲ್ಲಿ ಯಾರು ಯಾರಿಗೆ ಎಷ್ಟು ಕೊಳಗ ರಾಗಿ ಕೊಟ್ಟರು, ಕೆರೆ ತೂಬಿನ ನೀರಿಗೆ ಯಾವ ಕೇರಿಯವರು ಜಗಳವಾಡಿದರು ಎಂಬುದನ್ನು ತಿಳಿಯಲು ಕಾಗದಕ್ಕೇ ಹೋಗಬೇಕು. ಅದಕ್ಕೂ ಹಿಂದಿನದಾದರೆ ಕಡತಕ್ಕೆ.

ಬಟ್ಟೆಗೆ ಇದ್ದಿಲಿನ ಪುಡಿ ಬೆರೆಸಿದ ಹುಣಸೆಬೀಜದ ಸರಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಅಳಿಸಿ ಮತ್ತೆ ಬಳಿದು ಬರೆಯಬಹುದಾಗಿತ್ತು. ವ್ಯಾಪಾರಿಗಳ ಅಂಗಡಿ, ಶಾನುಭೋಗರ ಮನೆ, ಮಠಗಳೆಲ್ಲವೂ ಲೆಕ್ಕ ಇಟ್ಟಿದ್ದು ಇದರಲ್ಲೇ. ಮನೆಯಲ್ಲೋ ಮಠದಲ್ಲೋ ಕಾದಿಟ್ಟ ಇಂಥ ದಫ್ತರದ ಬೆಲೆ ಎಷ್ಟೆಂದು ತಿಳಿಯಲು ಶೃಂಗೇರಿಯನ್ನು ನೋಡಬೇಕು. 1791ರಲ್ಲಿ ಮರಾಠಾ ಸೈನ್ಯದ ದಾಳಿಗೆ ಸಿಕ್ಕಿ ಮಠ ಲೂಟಿಯಾದ ಮೇಲೆ ಟಿಪ್ಪು ಸುಲ್ತಾನ ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲೇ ಉಳಿದಿದ್ದವು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಬೆಳಕಿಗೆ ತಂದರು. ಆ ಕಾಲದ ಬಗ್ಗೆ ಬರೆಯುವ ಯಾರೂ, ಯಾವ ಪಕ್ಷದವರೇ ಆಗಲಿ, ಅಂದಿನಿಂದ ಆ ಪತ್ರಗಳನ್ನು ದಾಟಿ ಹೋಗುವಂತಿಲ್ಲ. ಮಠದವರು ಒಂದೂಕಾಲು ಶತಮಾನ ಜೋಪಾನ ಮಾಡಿದ್ದರಿಂದ ಇದು ಸಾಧ್ಯವಾಯಿತು.

ಸರ್ಕಾರಿ ದಾಖಲೆಗಳನ್ನು ಹುಡುಕಿ ಹೊರಟವರ ಕಷ್ಟವೇ ಬೇರೆ. ಏಕೀಕರಣಕ್ಕೆ ಮುನ್ನ ಕನ್ನಡ ನಾಡನ್ನು ಆಳುತ್ತಿದ್ದುದು ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಎಂಬ ಐದು ಮುಖ್ಯ ಆಡಳಿತಗಳು. ನೆಲ 1956ರಲ್ಲಿ ಒಂದಾಯಿತು, ಕಾಗದ ಒಂದಾಗಲಿಲ್ಲ. ಬಳ್ಳಾರಿಯ ಹಳೆಯ ದಾಖಲೆಗೆ ಚೆನ್ನೈನ ಎಗ್ಮೋರ್‌ಗೆ ಹೋಗಬೇಕು, ರಾಯಚೂರಿನದಕ್ಕೆ ಹೈದರಾಬಾದಿಗೆ, ಧಾರವಾಡದ್ದಕ್ಕೆ ಮುಂಬೈ, ಪುಣೆಗಳಿಗೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಕಾರವಾರದ ಸಂಶೋಧಕ ಎರಡೂ ಕಡೆ ಅಲೆಯಬೇಕು. ಮಂಗಳೂರಿನ ಬಾಸೆಲ್ ಮಿಶನ್ನಿನ ವರದಿಗಳು, ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಅಷ್ಟು ದೂರ ಹೋಗಿ ಕಟ್ಟು ಬಿಚ್ಚಿದರೆ ಒಳಗೆ ಮರಾಠಿಯ ಮೋಡಿ ಲಿಪಿ, ಫಾರಸಿ ಅಥವಾ ಹಳೆಯ ಜರ್ಮನ್ ಕೈಬರಹ. ಮೋಡಿ ಓದಬಲ್ಲವರು ನಮ್ಮಲ್ಲಿ ಕಡಿಮೆಯಾಗುತ್ತಿದ್ದಾರೆ, ಇತಿಹಾಸದ ಎಂ.ಎ. ತರಗತಿಗಳಲ್ಲಿ ಅದನ್ನು ಕಡ್ಡಾಯವಾಗಿ ಕಲಿಸಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವಸ್ತುಸಂಗ್ರಹಾಲಯಗಳ ಕೊರತೆ ಇನ್ನೊಂದು ಬಗೆಯದು. ಒನಕೆ, ಬೀಸುವ ಕಲ್ಲು, ಅಡಕೊತ್ತು ಎಲ್ಲವೂ ಗಾಜಿನ ಹಿಂದಿವೆ. ಯಾವ ಊರಿನ ಯಾರ ಮನೆಯದು ಎಂಬ ಚೀಟಿ ಬಹಳ ಕಡೆ ಇರುವುದಿಲ್ಲ. ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಅವರಿಲ್ಲದಿದ್ದರೆ ಆ ಮರಗೆಲಸ ನಮ್ಮ ಪಾಲಿಗೆ ಇರುತ್ತಿರಲಿಲ್ಲ. ಆದರೂ ತನ್ನ ಜಾಗದಲ್ಲೇ ನಿಂತ ಮನೆ ಹೇಳುವಷ್ಟನ್ನು ಸ್ಥಳಾಂತರಗೊಂಡ ಮನೆ ಹೇಳಲಾರದು. ಕೊಡಗಿನ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ ನಿಂತರೆ ಎದುರಿಗೆ ಗದ್ದೆ ಕಾಣುತ್ತದೆ, ಹತ್ತಿರದಲ್ಲೇ ಹಿರಿಯರ ಗುಡಿಯಾದ ಕೈಮಡ ಇರುತ್ತದೆ. ಒಕ್ಕವೆಂಬ ಕುಲ, ಭೂಮಿ, ಪಿತೃಪೂಜೆ ಇವು ಮೂರೂ ಹೇಗೆ ಹೆಣೆದುಕೊಂಡಿವೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ದಾಖಲೆಯನ್ನು ಕೈಯಲ್ಲಿ ಹಿಡಿದು ಆ ಜಗಲಿಯಲ್ಲಿ ಕೂತು ಓದುವುದಕ್ಕೂ ಗ್ರಂಥಾಲಯದಲ್ಲಿ ಓದುವುದಕ್ಕೂ ಅಜಗಜಾಂತರ.

ಹಳೆಯ ಮನೆಗಳೆಂದರೆ ಉಳ್ಳವರ ಮನೆಗಳೇ ಅಲ್ಲವೇ, ಆ ಕಾಗದ ಉಳಿಸಿದರೆ ಉಳ್ಳವರ ಚರಿತ್ರೆಯೇ ಮತ್ತೆ ಬರೆದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೂಲಿಯವರು, ಗೇಣಿದಾರರು, ಜೀತಕ್ಕಿದ್ದವರು ತಮ್ಮದೇ ದಫ್ತರ ಇಟ್ಟವರಲ್ಲ. ಅವರ ಹೆಸರು ಬರೆದಿಟ್ಟಿದ್ದರೆ ಅದು ಇರುವುದು ಒಡೆಯನ ಲೆಕ್ಕದ ಪುಸ್ತಕದಲ್ಲೇ: ಅಳೆದುಕೊಟ್ಟ ಕಾಳಿನ ಎದುರಿಗೆ, ತೀರದ ಸಾಲದ ಎದುರಿಗೆ. ಆ ಪುಸ್ತಕ ರದ್ದಿಗೆ ಹೋದರೆ ಒಡೆಯನ ಕೀರ್ತಿಗೆ ಧಕ್ಕೆಯಿಲ್ಲ. ಅವನ ಹೆಸರು ಬೀದಿಗೋ ಶಾಲೆಗೋ ಇಟ್ಟಾಗಿದೆ. ಅಳಿದುಹೋಗುವುದು ದುಡಿದವರ ಹೆಸರು. ಹಳೆಯ ಮನೆಯ ಕಾಗದಕ್ಕಾಗಿ ಇಷ್ಟು ಹಟ ಹಿಡಿಯಬೇಕಾದದ್ದು ಮುಖ್ಯವಾಗಿ ಇದಕ್ಕಾಗಿ.

ಈಗಿನ ಯೋಜನೆಗಳು ಈ ಕಾಗದವನ್ನು ಮುಟ್ಟುವುದಿಲ್ಲ. ಕೇಂದ್ರ 2003ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಹಸ್ತಪ್ರತಿಯೆಂದರೆ ಜ್ಞಾನದ ಬರಹ ಎಂದು ಹೇಳಿ, ಕಂದಾಯದ ದಾಖಲೆ, ಫರ್ಮಾನುಗಳನ್ನು ಆ ವ್ಯಾಖ್ಯೆಯ ಹೊರಗಿಟ್ಟಿತು. ರಾಜ್ಯದ ‘ಭೂ ಸುರಕ್ಷಾ’ ಯೋಜನೆ ಕಂದಾಯ ಕಚೇರಿಗಳ ರೆಕಾರ್ಡ್ ರೂಮುಗಳನ್ನು ಸ್ಕ್ಯಾನ್ ಮಾಡುತ್ತಿದೆ; ಒಳ್ಳೆಯದೇ, ಆದರೆ ಅದು ಕಚೇರಿಯ ಹೊಸಿಲು ದಾಟುವುದಿಲ್ಲ. ಮನೆಯ ಕಟ್ಟು ಎರಡಕ್ಕೂ ಸಲ್ಲದೆ ನಡುವೆ ಉಳಿದಿದೆ.

ಅದಕ್ಕೆ ರಾಜ್ಯ ಪತ್ರಾಗಾರ ಇಲಾಖೆಯ ಅಧೀನದಲ್ಲಿ ಪ್ರತಿ ಜಿಲ್ಲೆಯಲ್ಲೂ ಒಂದು ಪತ್ರಾಗಾರ ಬೇಕು. ಭವ್ಯ ಕಟ್ಟಡ ಬೇಡ. ತೇವವಿಲ್ಲದ ಎರಡು ಕೋಣೆ, ಒಂದು ಸ್ಕ್ಯಾನರ್, ಹಳೆಯ ಲಿಪಿ ಬಲ್ಲ ಒಬ್ಬರು ಸಾಕು. ಕಾಗದ ಕೊಟ್ಟರೆ ಜಮೀನಿನ ವ್ಯಾಜ್ಯ ಎದ್ದೀತು, ಮನೆತನದ ಗುಟ್ಟು ಹೊರಬಿದ್ದೀತು ಎಂಬ ಭಯ ಜನರಲ್ಲಿದೆ. ಆದ್ದರಿಂದ ಪ್ರತಿ ಮಾಡಿಕೊಂಡು ಮೂಲವನ್ನು ಮನೆಯವರಿಗೇ ಮರಳಿಸಬೇಕು. ಬಯಸಿದ ಭಾಗವನ್ನು ಇಷ್ಟು ವರ್ಷ ತೆರೆಯಕೂಡದೆಂದು ಷರತ್ತು ಹಾಕಲು ಅವಕಾಶ ಕೊಡಬೇಕು. ಚೆನ್ನೈ, ಹೈದರಾಬಾದ್, ಮುಂಬೈಗಳಲ್ಲಿರುವ ನಮ್ಮ ಜಿಲ್ಲೆಗಳ ದಾಖಲೆಗಳ ಡಿಜಿಟಲ್ ಪ್ರತಿಯನ್ನು ಆಯಾ ಸರ್ಕಾರಗಳಿಂದ ಪಡೆದು ಈ ಜಿಲ್ಲಾ ಪತ್ರಾಗಾರಗಳಲ್ಲಿಯೇ ಇಡಬೇಕು.

ಅದಾಗುವವರೆಗೆ, ಹಳೆಯ ಮನೆ ಕೆಡವಲು ಹೊರಟಿರುವವರಲ್ಲಿ ಒಂದು ವಿನಂತಿ. ಅಟ್ಟದ ಕಟ್ಟನ್ನು ರದ್ದಿಯವರಿಗೆ ಹಾಕಬೇಡಿ. ಹಾಳೆಗಳ ಕ್ರಮ ಕೆಡಿಸದೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಯಾವ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಬರೆದಿಡಿ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರಕ್ಕೋ ಒಂದು ಮಾತು ತಿಳಿಸಿ.