ಕಟ್ಟಿಕೊಂಡ ಕಾಲು

ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿರುವ ತಂಗಿಯ ಮನೆಗೆ ಮೊನ್ನೆ ಹೋಗಿದ್ದೆ. ಭೌತವಿಜ್ಞಾನ ಓದುತ್ತಿರುವ ಸೋದರಸೊಸೆ, “ಮಾವ, ಸಂಯುಕ್ತ ಫರ್ಮಿಯಾನ್ ಎಂದರೇನು ಬಲ್ಲಿರಾ?” ಎಂದಳು. ಅರಿಯೆನೆಂದೆ.

ಎರಡು ಅರೆವಾಹಕಗಳು ಕೂಡುವೆಡೆಯ ತೆಳುಪದರದಲ್ಲಿ ಎಲೆಕ್ಟ್ರಾನುಗಳನ್ನು ಬಂಧಿಸಿ, ಕಡುಶೀತದಲ್ಲಿ ಪ್ರಬಲ ಕಾಂತಕ್ಷೇತ್ರಕ್ಕೆ ಒಡ್ಡಿದಾಗ, 1982ರಲ್ಲಿ ಮೂರರಲ್ಲೊಂದು ಎಂಬ ವಿಚಿತ್ರ ಭಿನ್ನರಾಶಿ ಗೋಚರಿಸಿತಂತೆ. ಭಿನ್ನರಾಶಿಗಳ ಇಡೀ ಸಾಲಿಗೆ 1989ರಲ್ಲಿ ಅರ್ಥ ಹೇಳಿದವರು ಜೈನೇಂದ್ರ ಜೈನರು. ಪ್ರತಿಯೊಂದು ಎಲೆಕ್ಟ್ರಾನೂ ಎರಡು ಸುಳಿಗಳನ್ನು ತನಗೆ ಕಟ್ಟಿಕೊಳ್ಳುತ್ತದೆ. ಆ ಕೂಟವೇ ಸಂಯುಕ್ತ ಫರ್ಮಿಯಾನ್. ತಲೆಗೆ ಮೂರು ಕಾಂತ ಎಳೆಗಳಿದ್ದಲ್ಲಿ ಎರಡು ಹೀಗೆ ಕಳೆದು ಒಂದೇ ಉಳಿಯುತ್ತದೆ, ಭಿನ್ನರಾಶಿ ಪೂರ್ಣಾಂಕವಾಗುತ್ತದೆ. ಎರಡೇ ಇದ್ದಲ್ಲಿ ಏನೂ ಉಳಿಯದು. ಕಾಂತವೇ ಇಲ್ಲವೆಂಬಂತೆ ಆ ಕೂಟ ನೇರವಾಗಿ ನಡೆಯುತ್ತದೆ!

“ಹೊರೆ ಹೊತ್ತ ಮೇಲೆ ಹಗುರವೇ?” ಎಂದೆ.

“ಜೈನರ ಬಾಳೂ ಹಾಗೆಯೇ, ಮಾವ. ರಾಜಸ್ಥಾನದ ಸಾಂಭರ್ ಊರಿನವರು. ಬಾಲ್ಯದ ಅಪಘಾತದಿಂದ ಅಂಗವಿಕಲರಾದರು. ಜೈಪುರದ ಕೃತಕ ಪಾದ ಕಟ್ಟಿಕೊಂಡು ಕಾಲೇಜಿಗೆ ಹೋದರು. 2025ರ ವುಲ್ಫ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು.”

ಗಣಿತದಲ್ಲಿ ಎರಡು ಬಾರಿ ನಪಾಸಾಗಿ ಯಾರೊಡನೆಯೂ ಮಾತನಾಡದಿದ್ದ ಅವಳ ತಮ್ಮ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ. “ಮೂರರಲ್ಲಿ ಎರಡು ಕಳೆದರೆ ಒಂದು, ಇಷ್ಟೇ ಲೆಕ್ಕವೇ ಅಕ್ಕ?” ಎಂದ.

ಆ ರಾತ್ರಿ ಅವನ ಕೋಣೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು.