ಅಕ್ಷರ ಕುಣಿದ ಮಾತ್ರಕ್ಕೆ ಅರ್ಥವಾಯಿತೆ?

ಕಳೆದ ಶ್ರಾವಣದಲ್ಲಿ ಸೊರಬ ತಾಲ್ಲೂಕಿನ ಹೊಸಬಾಳೆಯ ಭಕ್ತರ ಅಪೇಕ್ಷೆಯಂತೆ ನಾವು ಅಲ್ಲಿಗೆ ಹೋಗಿ, ಒಂದು ಸಂಜೆ ಅಕ್ಕಮಹಾದೇವಿಯ ವಚನಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಿದೆವು. ಹೊರಗೆ ಬಿಡದ ಮಳೆ. ದೀಪ ಎರಡು ಸಲ ಹೋಗಿ ಬಂದಿತು. ಪ್ರಸಾದವಾದ ಮೇಲೆ ಮನೆಯ ಯಜಮಾನರ ಮೊಮ್ಮಗಳು, ಪದವಿ ತರಗತಿಯಲ್ಲಿ ಓದುತ್ತಿರುವವಳು, ಕೈಯಲ್ಲಿ ಮೊಬೈಲು ಹಿಡಿದು ಸಂಕೋಚದಿಂದ ಬಳಿಗೆ ಬಂದು, "ಬುದ್ಧೀ, ಅಕ್ಕನ ವಚನದ ಮೇಲೆ ನಾನೂ ಒಂದು ಕೆಲಸ ಮಾಡಿದ್ದೇನೆ, ತಾವು ನೋಡಬೇಕು" ಎಂದಳು.

ನೋಡಿದೆವು. ಮೂರು ನಿಮಿಷಗಳ ದೃಶ್ಯ. ಕಪ್ಪು ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂಡಿಕೊಂಡು ಪದವಾಗುತ್ತವೆ, ಪದವು ಕರಗಿ ನೀರಾಗಿ ಹರಿಯುತ್ತದೆ, ಆ ನೀರಿನಿಂದ ಮತ್ತೊಂದು ಪದ ಮೇಲೇಳುತ್ತದೆ. ಹಿನ್ನೆಲೆಯಲ್ಲಿ ಮೊದಲಿನಿಂದ ಕಡೆಯವರೆಗೆ ಕೊಳಲಿನ ಒಂದೇ ಮಧುರವಾದ ನಾದ. ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ಬಂದೊಡನೆ ಅದು ಬಿಳಿಯ ಮಲ್ಲಿಗೆಯ ದಳಗಳಾಗಿ ಉದುರುತ್ತದೆ. ಕಣ್ಣಿಗೆ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಕಾಲೇಜಿನಲ್ಲಿ ಪ್ರಬಂಧದ ಬದಲಿಗೆ ಇದನ್ನೇ ಮಾಡಿಕೊಂಡು ಬರಲು ಹೇಳಿದ್ದರಂತೆ. ಇದಕ್ಕೆ "ಸಾಹಿತ್ಯ ವ್ಯಾಖ್ಯಾನ" ಎಂದು ಹೆಸರು. ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಬಂದಿತ್ತು.

"ಮಲ್ಲಿಗೆ ಏಕೆ ಮಗಳೇ?" ಎಂದು ಕೇಳಿದೆವು. "ಹುಡುಕಿದರೆ ಅದೇ ಬಂತು ಬುದ್ಧಿ" ಎಂದಳು. ವಚನದ ಕಡೆಯ ಮಾತಿನ ತಾತ್ಪರ್ಯವನ್ನು ಹೇಳೆಂದಾಗ ತಲೆ ತಗ್ಗಿಸಿದಳು. ಅದನ್ನು ಯಾರೂ ಕೇಳಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಆಕೆಯ ಅಜ್ಜಿ, ಹೆಚ್ಚಿನ ಓದು ಬರಹ ಬಲ್ಲವರಲ್ಲ, ಆ ವಚನವನ್ನು ತಾವಾಗಿಯೇ ಬಾಯಲ್ಲಿ ಹೇಳಿದರು. ಒಲವಿನ ಮಾತುಗಳೆಲ್ಲ ಮುಗಿದು ಅಂಕಿತ ಬಂದ ಮೇಲೆ ಒಂದು ಕ್ಷಣ ನಿಂತರು. ಆಮೇಲೆ ಲೋಕದ ಗಂಡಂದಿರನ್ನು ಕುರಿತ ಕಡೆಯ ಮಾತನ್ನು ಬೇರೆಯದೇ ದನಿಯಲ್ಲಿ ಹೇಳಿ, "ಇಲ್ಲಿ ಅಕ್ಕನಿಗೆ ಸಿಟ್ಟು ಬಂದಿದೆ" ಎಂದರು. ಪರದೆಯ ಮೇಲೆ ಅದೇ ಜಾಗದಲ್ಲಿ ಕೊಳಲು ಇನ್ನೂ ಇಂಪಾಗಿ ನುಡಿಯುತ್ತಿತ್ತು.

ಶರಣ ಬಂಧುಗಳೇ, ಈ ಲೇಖನ ಆ ಹುಡುಗಿಯ ಮೇಲಿನ ದೂರಲ್ಲ. ಅವಳು ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದಾಳೆ. ಕೆಲಸವನ್ನು ಹೇಳಿದವರು ಯಾರು, ಅದಕ್ಕೆ ವ್ಯಾಖ್ಯಾನವೆಂಬ ಪವಿತ್ರವಾದ ಹೆಸರನ್ನು ಇಟ್ಟವರು ಯಾರು, ಎಂಬುದೇ ನಮ್ಮ ಪ್ರಶ್ನೆ. ನಮ್ಮ ಮಠದಲ್ಲಿ ಓದಿ ಹೋದವರಲ್ಲಿ ಅನೇಕರು ಇಂದು ನಾಡಿನ ನಾನಾ ಭಾಗಗಳಲ್ಲಿ ಕನ್ನಡ ಅಧ್ಯಾಪಕರಾಗಿದ್ದಾರೆ. ಇದನ್ನು ಮುಖ್ಯವಾಗಿ ಅವರಿಗಾಗಿಯೇ ಬರೆಯುತ್ತಿದ್ದೇವೆ. ಅವರಿಗೆ ಕೋಪ ಬಂದರೆ ಬರಲಿ.

ವಚನವು ಛಂದಸ್ಸಿಗೆ ಕಟ್ಟುಬಿದ್ದುದಲ್ಲ. ಪ್ರಾಸವಿಲ್ಲ, ಗಣವಿಲ್ಲ. ಉಸಿರು ಎಲ್ಲಿ ನಿಲ್ಲಬೇಕು, ಯಾವ ಮಾತು ಯಾವ ಮಾತಿಗೆ ಅನ್ವಯವಾಗಬೇಕು ಎಂಬುದನ್ನು ಓದುವವನೇ ನಿಶ್ಚಯಿಸಿಕೊಳ್ಳಬೇಕು. ತಾಳೆಗರಿಯ ಕಟ್ಟುಗಳನ್ನು ಕಂಡವರಿಗೆ ಇದು ತಿಳಿದ ಸಂಗತಿ: ಅಲ್ಲಿ ಪದಪದಗಳ ನಡುವೆ ತೆರಪಿಲ್ಲ, ಸಾಲು ಒಡೆದಿಲ್ಲ, ಗರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಕ್ಷರ ಓಡುತ್ತದೆ. ಇಂದು ಪುಸ್ತಕಗಳಲ್ಲಿ ನಾವು ಕಾಣುವ ಪದ್ಯದಂತಹ ಸಾಲುಗಳು ಆಧುನಿಕ ಸಂಪಾದಕರು ಮಾಡಿದ ವಿಂಗಡಣೆ. ಅಂದರೆ, ಗರಿಯು ಬಿಡಿಸುವ ಕೆಲಸವನ್ನು ಪೂರ್ತಿಯಾಗಿ ಓದುಗನಿಗೆ ಬಿಟ್ಟಿತ್ತು. ಮುದ್ರಣವು ಅರ್ಧವನ್ನು ತಾನೇ ಮಾಡಿಕೊಟ್ಟಿತು. ಈಗಿನ ಚಲಿಸುವ ಅಕ್ಷರವೋ, ಉಳಿದ ಅರ್ಧವನ್ನೂ ಕಸಿದುಕೊಳ್ಳುತ್ತದೆ. ಯಾವ ಪದವನ್ನು ಎಷ್ಟು ಹೊತ್ತು ನೋಡಬೇಕು, ಯಾವಾಗ ಮುಂದಕ್ಕೆ ಹೋಗಬೇಕು, ಯಾವುದಕ್ಕೆ ಕರಗಬೇಕು, ಎಲ್ಲವೂ ಮೊದಲೇ ನಿಶ್ಚಿತ. ಹಿಂದಿರುಗಿ ಓದುವ ಅವಕಾಶವೇ ಇಲ್ಲ. ನಾವು ಮಲಪ್ರಭೆಯ ದಂಡೆಯ ಶಿವಯೋಗಮಂದಿರದಲ್ಲಿ ವಟುಗಳಾಗಿದ್ದಾಗ ವಚನ ಓದುವ ಹುಡುಗನನ್ನು ನಡುವೆ ತಡೆದು ಗುರುಗಳು ಕೇಳುತ್ತಿದ್ದುದು ಒಂದೇ: "ಏಕೆ ಅಲ್ಲಿ ನಿಂತೆ?" ಉತ್ತರ ಬಾರದಿದ್ದರೆ ಮೊದಲಿನಿಂದ ಓದಬೇಕಾಗಿತ್ತು. ಆಗ ನಮಗೆ ಅದು ಶಿಕ್ಷೆಯಾಗಿ ಕಂಡಿತ್ತು.

ಇನ್ನು ಸಂಗೀತದ ಮಾತು. ಸಂಗೀತಕ್ಕೂ ಶರಣ ಸಾಹಿತ್ಯಕ್ಕೂ ವಿರೋಧವೆಂದು ಹೇಳುವಷ್ಟು ಅರಸಿಕರು ನಾವಲ್ಲ. ಹಾಡುವುದಕ್ಕೆಂದೇ ಪಲ್ಲವಿ ಸಹಿತವಾದ ಸ್ವರವಚನಗಳನ್ನು ನಮ್ಮ ಹಿರಿಯರು ಬೇರೆಯಾಗಿ ರಚಿಸಿದ್ದಾರೆ; ಹಾಡುವುದು ಯಾವುದು, ನುಡಿಯುವುದು ಯಾವುದು ಎಂಬ ವಿವೇಕ ಅವರಿಗಿತ್ತು. ವಚನವನ್ನೂ ಹಾಡಿದವರುಂಟು. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದುದನ್ನು ಕೇಳಿ ಬೆಳೆದ ಪೀಳಿಗೆ ನಮ್ಮದು. ಆ ಗಾಯಕರು ಒಂದೇ ಮಾತನ್ನು ಮೂರು ಸಲ ಹೇಳಿದರೆ ಮೂರು ಸಲವೂ ಸ್ವರ ಬೇರೆ, ಒತ್ತು ಬೇರೆ, ಅದರಿಂದಾಗಿ ಅರ್ಥದ ಛಾಯೆಯೂ ಬೇರೆ. ಮಾತನ್ನು ತಿಳಿಯದೆ ಹಾಗೆ ಹಾಡಲು ಬಾರದು. ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕವನ್ನು ನೋಡಿರಿ. ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು. ಗಮಕದಲ್ಲಿ ರಾಗವುಂಟು, ತಾಳದ ಕಟ್ಟಿಲ್ಲ; ತಾಳವು ಪದವನ್ನು ಮುರಿಯಬಾರದೆಂಬುದೇ ಅದರ ಮರ್ಮ. ಮೇಲಾಗಿ ಅಲ್ಲಿ ಎರಡು ಆಸನ. ಒಬ್ಬರು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ರಾಗವೇ ವ್ಯಾಖ್ಯಾನವೆಂದು ಹೇಳಿ ಎರಡನೆಯ ಆಸನವನ್ನು ಎತ್ತಿಟ್ಟವರು ಯಾರೂ ಇರಲಿಲ್ಲ. ಈಗ ನಮ್ಮ ತರಗತಿಗಳಲ್ಲಿ ಆಗುತ್ತಿರುವುದು ಇದೇ.

ಧಾರವಾಡದಲ್ಲಿ ನಾವು ಎಂ.ಎ. ಓದುವಾಗ ಐ. ಎ. ರಿಚರ್ಡ್ಸ್ ಎಂಬ ಆಂಗ್ಲ ವಿಮರ್ಶಕನ ೧೯೨೯ರ ಗ್ರಂಥವೊಂದು ನಮ್ಮ ಪಾಲಿಗೆ ಬಂದಿತ್ತು. ಆತ ಕೇಂಬ್ರಿಜ್ಜಿನ ವಿದ್ಯಾರ್ಥಿಗಳಿಗೆ ಕವಿಗಳ ಹೆಸರನ್ನು ಮರೆಮಾಚಿ ಕವಿತೆಗಳನ್ನು ಕೊಟ್ಟು, ಅನಿಸಿದುದನ್ನು ಬರೆಯಹೇಳಿದ. ಬುದ್ಧಿವಂತ ಹುಡುಗರೂ ಕವಿತೆಯಲ್ಲಿ ಇದ್ದುದನ್ನು ಓದದೆ, ತಮ್ಮ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಭಾವವನ್ನೇ ಅದರ ಮೇಲೆ ಸುರಿದಿದ್ದರು. ಅಂತಹ ಸಿದ್ಧಭಾವವನ್ನು ಕಿತ್ತುಹಾಕುವುದೇ ಸಾಹಿತ್ಯ ಶಿಕ್ಷಣದ ಕೆಲಸವೆಂದು ಆತ ಬಗೆದ. ನಾವೋ, ಆ ಸಿದ್ಧಭಾವವನ್ನು ಧ್ವನಿಮುದ್ರಿಸಿ ಹಿನ್ನೆಲೆಯಲ್ಲಿ ಕೂರಿಸಿದ್ದೇವೆ. ಭಕ್ತಿ ಎಂದರೆ ಕೊಳಲು, ವೈರಾಗ್ಯ ಎಂದರೆ ತಂಬೂರಿ, ಬೆಡಗು ಎಂದರೆ ಗುಡುಗು! ಮೊದಲ ಪದ ಪರದೆಗೆ ಬರುವ ಮುನ್ನವೇ ನೋಡುಗನಿಗೆ ಏನನ್ನು ಅನುಭವಿಸಬೇಕೆಂಬ ಆಜ್ಞೆಯಾಗಿರುತ್ತದೆ. ಅಷ್ಟಕ್ಕೂ ಕುಣಿಯುವ ಅಕ್ಷರದ ಹುಟ್ಟು ಎಲ್ಲಿಯದು? ಸಿನಿಮಾದ ಶೀರ್ಷಿಕೆಗಳದು. ೧೯೫೯ರಲ್ಲಿ ಹಿಚ್‌ಕಾಕನ ಚಿತ್ರವೊಂದಕ್ಕೆ ಸಾಲ್ ಬಾಸ್ ಎಂಬಾತ ಮಾಡಿದ ಚಲಿಸುವ ಹೆಸರುಗಳು ಪ್ರಸಿದ್ಧವಾದವು. ಮುಂದೆ ಜಾಹೀರಾತಿನವರು ಈ ವಿದ್ಯೆಯನ್ನು ಚೆನ್ನಾಗಿ ಬಳಸಿಕೊಂಡರು. ನೋಡುವವನ ಕಣ್ಣನ್ನು ಸೆಳೆದು ಹಿಡಿಯುವುದು ಅದರ ಗುರಿ, ಪ್ರಶ್ನೆ ಕೇಳಿಸುವುದಲ್ಲ.

ಮಲ್ಲಿಗೆಯ ವಿಷಯವನ್ನು ಇಲ್ಲಿಗೆ ಬಿಡಲಾರೆವು. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಅಂಕಿತಗಳನ್ನೂ ಪದಶಃ ಬಿಡಿಸಿ, ಚೆನ್ನಮಲ್ಲಿಕಾರ್ಜುನನನ್ನು ಮಲ್ಲಿಗೆಯ ಬಿಳುಪಿನ ಒಡೆಯನನ್ನಾಗಿ ಮಾಡಿದರು. ಅಂಕಿತವು ದೇವರ ಹೆಸರೋ ಬಿಡಿಸಬೇಕಾದ ಪದವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಆ ಮೇಲೆ ಚರ್ಚೆ ನಡೆಯಿತು. ಇತ್ತ ಶ್ರೀಶೈಲದ ಮಲ್ಲಿಕಾರ್ಜುನನನ್ನು ಚಂದ್ರಾವತಿ ಎಂಬ ಕನ್ಯೆ ಮಲ್ಲಿಗೆಯಿಂದ ಪೂಜಿಸಿದಳೆಂಬ ಸ್ಥಳಕಥೆಯೂ ಉಂಟು. ಹೊಸಬಾಳೆಯ ಹುಡುಗಿ ಈ ಎರಡರಲ್ಲಿ ಒಂದನ್ನಾದರೂ ಹೇಳಿದ್ದರೆ ನಾವು ಅವಳಿಗೆ ಇಪ್ಪತ್ತಕ್ಕೆ ಇಪ್ಪತ್ತೂ ಕೊಡುತ್ತಿದ್ದೆವು. ಆಕೆಗೆ ಮಲ್ಲಿಗೆ ಸಿಕ್ಕಿದ್ದು ಯಂತ್ರದ ಹುಡುಕುಗಂಡಿಯಲ್ಲಿ. ಅಕ್ಕ ಹುಟ್ಟಿದ ಉಡುತಡಿ ಇರುವುದು ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ. ನೆರೆಯೂರಿನ ಹೆಣ್ಣುಮಗಳ ಮಾತು ಸಮುದ್ರ ದಾಟಿ ಹೋಗಿ, ಹೂವಾಗಿ ಹಿಂದಿರುಗಿದರೆ, ಅದು ಎಲ್ಲಿಂದ ಬಂತೆಂದು ಕೇಳುವವರೇ ಇಲ್ಲವಾಯಿತು.

"ಸ್ವಾಮಿಗಳು ಕಾಲಕ್ಕೆ ಹಿಂದುಳಿದಿದ್ದಾರೆ, ಇದನ್ನಾದರೂ ಮಾಡಿಸದಿದ್ದರೆ ಹುಡುಗರು ವಚನದ ಕಡೆಗೆ ತಿರುಗಿಯೂ ನೋಡುವುದಿಲ್ಲ" ಎಂದು ತರುಣ ಅಧ್ಯಾಪಕರೊಬ್ಬರು ನಮಗೇ ಹೇಳಿದರು. ಯಂತ್ರದ ಮೇಲೆ ನಮಗೆ ದ್ವೇಷವಿಲ್ಲ. ಫ. ಗು. ಹಳಕಟ್ಟಿಯವರು ವಚನಗಳನ್ನು ಉಳಿಸಿದ್ದು ಅಂದಿನ ಯಂತ್ರದಿಂದಲೇ. ವಚನಶಾಸ್ತ್ರಸಾರದ ಮೊದಲ ಭಾಗ ೧೯೨೩ರಲ್ಲಿ ಹೊರಬಂತು. ಮುಂದೆ ಅವರು ಮನೆಯನ್ನೇ ಮಾರಿ ಮುದ್ರಣಾಲಯ ತೆರೆದರು. ಆದರೆ ಅಚ್ಚಿಗೆ ಕೊಡುವ ಮೊದಲು ಅವರು ಗರಿಗಳನ್ನು ಓದಿದ್ದರು, ಪ್ರತಿ ಮಾಡಿದ್ದರು, ವಿಷಯಾನುಸಾರವಾಗಿ ವಿಂಗಡಿಸಿದ್ದರು. ಯಂತ್ರ ಕಡೆಗೆ ಬಂತು. ಇಲ್ಲಿ ಯಂತ್ರವೇ ಮೊದಲು, ಯಂತ್ರವೇ ಕಡೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಚಿತ್ರವನ್ನು ಆರಿಸುವ ಶ್ರಮವೂ ಉಳಿದಿಲ್ಲ. ವಚನವನ್ನು ಒಪ್ಪಿಸಿದರೆ ದನಿ, ದೃಶ್ಯ, ವಾದ್ಯ ಎಲ್ಲವೂ ಸಿದ್ಧವಾಗಿ ಬರುತ್ತವೆ. ಹಾಗಿದ್ದಲ್ಲಿ ಆ ಹತ್ತೊಂಬತ್ತು ಅಂಕ ಯಾರಿಗೆ?

ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಒಪ್ಪಬೇಕು. ಅದೇ ಊರಿನಲ್ಲಿ ಮರುದಿನ ಇನ್ನೊಬ್ಬ ಹುಡುಗ ಅಲ್ಲಮಪ್ರಭುವಿನ ಒಂದು ವಚನವನ್ನು ತೋರಿಸಿದ. ಚಿತ್ರವೇ ಇಲ್ಲ. ಬರಿಯ ಅಕ್ಷರ, ಬರಿಯ ಮದ್ದಳೆಯ ಸದ್ದು. ಗುಹೇಶ್ವರ ಎಂಬ ಅಂಕಿತ ಬಂದಾಗ ಮದ್ದಳೆ ನಿಂತಿತು. ಅನಂತರ ಅಕ್ಷರವೂ ಇಲ್ಲ, ಸದ್ದೂ ಇಲ್ಲ. ಕೇಳಿದಾಗ ಹೇಳಿದ: "ಅಲ್ಲಮ ಮದ್ದಳೆಗಾರ ಬುದ್ಧಿ, ಆಮೇಲೆ ಅದನ್ನು ಬಿಟ್ಟ." ಹರಿಹರನ ರಗಳೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಅಲ್ಲಮ ಮದ್ದಳೆ ಬಾರಿಸುವವನೇ ಆಗಿದ್ದಾನೆ. ಆ ಹುಡುಗ ಏನನ್ನೋ ಓದಿದ್ದ, ಯೋಚಿಸಿದ್ದ, ನಿಲ್ಲಿಸುವ ಜಾಗವನ್ನು ತಾನೇ ಆರಿಸಿಕೊಂಡಿದ್ದ. ಅದು ವ್ಯಾಖ್ಯಾನ. ಅವನಿಗೆ ಬಂದ ಅಂಕ ಹನ್ನೊಂದು. "ದೃಶ್ಯಾಕರ್ಷಣೆ ಸಾಲದು" ಎಂದು ಷರಾ ಬರೆದಿದ್ದರಂತೆ.

ಬಳ್ಳಿಗಾವಿಯ ಕೋಡಿಯಮಠದ ೧೧೬೨ರ ಶಾಸನದಲ್ಲಿ ಅಲ್ಲಿ ನಡೆಯುತ್ತಿದ್ದ ಅಧ್ಯಯನದ ವಿವರವಿದೆ. ವೇದಗಳು, ವ್ಯಾಕರಣಗಳು, ದರ್ಶನಗಳು, ಯೋಗಶಾಸ್ತ್ರ, ಅವುಗಳ ಜೊತೆಯಲ್ಲಿಯೇ ಕಾವ್ಯ, ನಾಟಕ. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ. ಅದು ಕಾಳಾಮುಖರ ಸ್ಥಾನ, ಆ ಚರ್ಚೆ ಬೇರೆ. ನಮ್ಮ ಈ ಸೀಮೆಯಲ್ಲಿ ಎಂಟುನೂರು ವರ್ಷಗಳಿಗೂ ಹಿಂದೆ ವ್ಯಾಕರಣವೂ ನಾಟಕವೂ ಒಂದೇ ಸೂರಿನ ಅಡಿಯಲ್ಲಿ ಇದ್ದವು; ನಾಟಕ ಬಂದಿತೆಂದು ವ್ಯಾಕರಣವನ್ನು ಯಾರೂ ಹೊರಗೆ ಹಾಕಲಿಲ್ಲ. ಅದೇ ಬಳ್ಳಿಗಾವಿಯ ಅಲ್ಲಮನೂ ಉಡುತಡಿಯ ಅಕ್ಕನೂ ಕಲ್ಯಾಣದಲ್ಲಿ ಎದುರುಬದುರಾದುದನ್ನು ಶೂನ್ಯಸಂಪಾದನೆ ವರ್ಣಿಸುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯ ಅದನ್ನು ಮೊದಲು ಸಂಕಲಿಸಿದ. ಬಳಿಕ ಮೂವರು ಮತ್ತೆ ಪರಿಷ್ಕರಿಸಿದರು. ಬಿಡಿಬಿಡಿಯಾಗಿದ್ದ ವಚನಗಳನ್ನು ಅವರು ಹೇಗೆ ಜೋಡಿಸಿದರು? ಸಂವಾದವಾಗಿ. ಅಲ್ಲಮ ಅಕ್ಕನನ್ನು ಕಂಡೊಡನೆ ಕೈಮುಗಿದು ಒಳಗೆ ಕರೆಯಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ. ಆಕೆಯ ಒಂದೊಂದು ವಚನವೂ ಒಂದೊಂದು ಉತ್ತರವಾಗಿ ನಿಂತಿತು. ಇದಕ್ಕಿಂತ ಮಿಗಿಲಾದ ಪ್ರದರ್ಶನ ಕನ್ನಡದಲ್ಲಿ ಯಾವುದಿದೆ? ಅಲ್ಲಿ ಉತ್ತರ ಹೇಳಲಾರದವರಿಗೆ ಮಂಟಪದಲ್ಲಿ ಆಸನವಿರಲಿಲ್ಲ.

ಅಧ್ಯಾಪಕರನ್ನು ಇಷ್ಟೆಲ್ಲ ಆಕ್ಷೇಪಿಸಿದ ಮೇಲೆ ನಮ್ಮ ಕಾಲಬುಡವನ್ನೂ ನೋಡಿಕೊಳ್ಳದೆ ವಿಧಿಯಿಲ್ಲ. ಎರಡು ವರ್ಷಗಳ ಹಿಂದೆ ನಮ್ಮದೇ ಜಾತ್ರೆಯ ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಬಸವಣ್ಣನವರ ವಚನವೊಂದು ಜ್ವಾಲೆಗಳ ನಡುವೆ ಮೂಡಿ ಬಂತು. ಕಡೆಯ ಸಾಲು ಪರದೆಗೆ ಹಿಡಿಸದೆ ಕತ್ತರಿಸಿಹೋಗಿತ್ತು. ಕಡೆಯ ಸಾಲೆಂದರೆ ಅಂಕಿತವಿರುವ ಸಾಲು. ಸಾವಿರಾರು ಭಕ್ತರು ಚಪ್ಪಾಳೆ ತಟ್ಟಿದರು. ನಾವೂ ಅಲ್ಲಿಯೇ ಕುಳಿತಿದ್ದೆವು, ಬಾಯಿ ತೆರೆಯಲಿಲ್ಲ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಗ್ರಂಥವೊಂದನ್ನು ಸರ್ಕಾರ ೧೯೯೮ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೨೦೧೭ರಲ್ಲಿ ತೀರ್ಪಾಯಿತು. ಒಂದು ಅಂಕಿತ ಬದಲಾದುದಕ್ಕೆ ಹತ್ತೊಂಬತ್ತು ವರ್ಷ ಹೋರಾಡಿದ ಸಮಾಜ, ಅಂಕಿತವೇ ಇಲ್ಲದ ವಚನಕ್ಕೆ ಚಪ್ಪಾಳೆ ತಟ್ಟುತ್ತದೆ. ಪರದೆಯವನನ್ನು ಮರುದಿನ ಕರೆಸಿ ಕೇಳಿದಾಗ "ಎಲ್ಲರೂ ಬೆಂಕಿಯನ್ನು ನೋಡುತ್ತಿದ್ದರು ಬುದ್ಧಿ" ಎಂದು ನಿಜವನ್ನೇ ಹೇಳಿದ.

ಆದುದರಿಂದ ಶ್ರೀಮಠದ ಮಟ್ಟಿಗೆ ಒಂದು ನಿಶ್ಚಯ ಮಾಡಿದ್ದೇವೆ. ಜುಲೈ ೨ರಂದು, ಹಳಕಟ್ಟಿಯವರ ಜಯಂತಿಯ ದಿನ, ನಡೆಸಲಿರುವ ವಿದ್ಯಾರ್ಥಿಗಳ ವಚನ ಸ್ಪರ್ಧೆಗೆ ಯಾರು ಬೇಕಾದರೂ ತಮ್ಮ ದೃಶ್ಯಗಳನ್ನು ತರಬಹುದು. ಆದರೆ ಮೊದಲು ಸಭೆಯ ಎದುರಿಗೆ ನಿಂತು ವಚನವನ್ನು ಪುಸ್ತಕ ನೋಡಿ, ವಾದ್ಯವಿಲ್ಲದೆ, ಅಂಕಿತ ಸಹಿತವಾಗಿ ಓದಬೇಕು. ಸಭಿಕರಲ್ಲಿ ಯಾರಾದರೂ ಮೂವರು ಪ್ರಶ್ನೆ ಕೇಳುತ್ತಾರೆ. ಅವಕ್ಕೆ ಉತ್ತರ ಕೊಟ್ಟ ಮೇಲೆಯೇ ಪರದೆಗೆ ದೀಪ. ಅಂಕಗಳಲ್ಲಿ ಮುಕ್ಕಾಲು ಪಾಲು ಓದಿಗೆ ಮತ್ತು ಉತ್ತರಕ್ಕೆ, ಕಾಲು ಪಾಲು ದೃಶ್ಯಕ್ಕೆ. ಅಧ್ಯಾಪಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ತರಗತಿಗಳಲ್ಲಿ ಈ ಕ್ರಮವನ್ನು ಪ್ರಯೋಗಿಸಿ ನೋಡಲಿ. ಕೈಗೂಡದಿದ್ದರೆ ಏಕೆ ಕೈಗೂಡಲಿಲ್ಲವೆಂದು ಈ ಪತ್ರಿಕೆಗೇ ಬರೆಯಲಿ, ಪ್ರಕಟಿಸುತ್ತೇವೆ. ಹೊಸಬಾಳೆಯ ಹುಡುಗಿ ತಾನು ಬರುವುದಾಗಿ ಹೇಳಿ ಕಳುಹಿಸಿದ್ದಾಳೆ. ಪ್ರಶ್ನೆ ಕೇಳುವವರಲ್ಲಿ ಒಬ್ಬರಾಗಿ ಆಕೆಯ ಅಜ್ಜಿಯನ್ನೂ ಕರೆದಿದ್ದೇವೆ.