ಹೆಣ್ಣುಮಕ್ಕಳು ಮನುಷ್ಯಾಕೃತಿಯನ್ನು ಬರೆಯಬೇಕೇ?

ಹೆಣ್ಣುಮಕ್ಕಳಿಗೆ ಚಿತ್ರಲೇಖನವೆಂದರೆ ಹೂವು, ಬಳ್ಳಿ, ಕಸೂತಿಯ ಮಾದರಿ, ರಂಗವಲ್ಲಿ, ಇಷ್ಟೇ ಸಾಕೆಂಬ ಅಭಿಪ್ರಾಯವು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಇವುಗಳನ್ನು ನಾನು ಹಳಿಯುವುದಿಲ್ಲ. ಆದರೆ ಎದುರಿಗೆ ಕುಳಿತ ಜೀವಂತ ವ್ಯಕ್ತಿಯನ್ನು ನೋಡಿ ಇದ್ದಲಿನಿಂದ ಬರೆಯುವ ಅಭ್ಯಾಸವನ್ನು ನಮ್ಮ ಹುಡುಗಿಯರಿಗೆ ಕೊಡದಿರುವುದು ಅನ್ಯಾಯವೆಂದೂ, ಕಲಾಶಾಲೆಯನ್ನು ಸೇರಬಯಸುವ ಮಗಳನ್ನು, ಅಲ್ಲಿ ಮನುಷ್ಯರನ್ನು ನಿಲ್ಲಿಸಿ ಬರೆಯಿಸುತ್ತಾರೆಂಬ ಒಂದೇ ಕಾರಣದಿಂದ ತಡೆಯುವುದು ಉಚಿತವಲ್ಲವೆಂದೂ ಪೋಷಕರಲ್ಲಿಯೂ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ವಿಜ್ಞಾಪಿಸಿಕೊಳ್ಳುತ್ತೇನೆ.

ಈ ತಡೆಯು ನಮ್ಮ ದೇಶದಲ್ಲಿ ಮಾತ್ರ ಇದ್ದುದಲ್ಲ. ಯೂರೋಪಿನ ಕಲಾಶಾಲೆಗಳಲ್ಲಿ ಶಿಕ್ಷಣಕ್ರಮವು ಮೂರು ಮೆಟ್ಟಿಲುಗಳುಳ್ಳದ್ದಾಗಿತ್ತು. ವಿದ್ಯಾರ್ಥಿಯು ಮೊದಲು ಅಚ್ಚಿನ ಚಿತ್ರಗಳನ್ನು ನಕಲು ಮಾಡುವನು; ಅನಂತರ ಗ್ರೀಕ್ ಮತ್ತು ರೋಮನ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಬರೆಯುವನು; ಕಡೆಗೆ ಜೀವಂತ ವ್ಯಕ್ತಿಯನ್ನು ನೋಡಿ ಬರೆಯುವನು. ಚರಿತ್ರೆಯ ಮತ್ತು ಪುರಾಣದ ಮಹಾಚಿತ್ರಗಳಿಗೂ ಪ್ರತಿಮಾಶಿಲ್ಪಕ್ಕೂ ಈ ಮೂರನೆಯ ಮೆಟ್ಟಿಲೇ ಬಾಗಿಲಾಗಿತ್ತು. ಸ್ತ್ರೀಯರನ್ನು ನಿಲ್ಲಿಸಿದುದು ಇದೇ ಬಾಗಿಲಿನ ಮುಂದೆ.

ಲಂಡನ್ನಿನ ರಾಯಲ್ ಅಕಾಡೆಮಿಯು 1768ರಲ್ಲಿ ಸ್ಥಾಪಿತವಾದಾಗ ಏಂಜೆಲಿಕಾ ಕಾಫ್‌ಮನ್, ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರು ಅದರ ಸ್ಥಾಪಕ ಸದಸ್ಯರಲ್ಲಿದ್ದರು. ಕೆಲವು ವರ್ಷಗಳ ತರುವಾಯ ಜೊಫಾನಿ ಎಂಬ ಚಿತ್ರಕಾರನು ಅಕಾಡೆಮಿಯ ಸದಸ್ಯರ ಗುಂಪನ್ನು ಚಿತ್ರಿಸಿದನು. ಅದರಲ್ಲಿ ಗಂಡಸರೆಲ್ಲರೂ ಮಾದರಿಯ ಸುತ್ತ ನೆರೆದಿದ್ದಾರೆ. ಆ ಇಬ್ಬರು ಮಹಿಳೆಯರು ಮಾತ್ರ ಗೋಡೆಗೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿದ್ದಾರೆ! ಸದಸ್ಯತ್ವದ ಗೌರವವು ದೊರೆತರೂ ಅಭ್ಯಾಸದ ಕೊಠಡಿಯಲ್ಲಿ ಅವರಿಗೆ ಸ್ಥಳವಿರಲಿಲ್ಲ. 1860ರಲ್ಲಿ ಲಾರಾ ಹರ್‌ಫರ್ಡ್ ಎಂಬಾಕೆಯು ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಬರೆದು ಚಿತ್ರಗಳನ್ನು ಕಳುಹಿಸಿದಳು. ಗಂಡಸಿನವೆಂದು ಭಾವಿಸಿ ಅವುಗಳನ್ನು ಒಪ್ಪಿಕೊಂಡ ಮೇಲೆಯೇ ಆ ಶಾಲೆಯು ವಿದ್ಯಾರ್ಥಿನಿಯರಿಗೆ ತೆರೆಯಿತು. ಆದರೂ ಮರೆಯುಡುಪು ತೊಟ್ಟ ಮಾದರಿಯನ್ನು ನೋಡಿ ಬರೆಯುವ ಅನುಮತಿಯು ಅವರಿಗೆ ದೊರೆಯಲು 1893ರ ವರೆಗೆ ಕಾಯಬೇಕಾಯಿತು. ಆ ಇಬ್ಬರು ಸ್ಥಾಪಕಿಯರ ಅನಂತರ ಒಬ್ಬ ಮಹಿಳೆಯು ಪೂರ್ಣ ಸದಸ್ಯೆಯಾಗಿ ಚುನಾಯಿತಳಾದುದು 1936ರಲ್ಲಿ. ಆಕೆ ಲಾರಾ ನೈಟ್. ಪ್ಯಾರಿಸಿನ ಸರಕಾರಿ ಕಲಾಶಾಲೆಯಾದ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡುದೂ 1897ರಲ್ಲಿಯೇ.

ಹೀಗೆ ಕಲಿಯುವ ದಾರಿಯನ್ನು ಮುಚ್ಚಿದವರೇ ಸ್ತ್ರೀಯರಲ್ಲಿ ಮಹಾಶಿಲ್ಪಿಗಳು ಹುಟ್ಟಲಿಲ್ಲವೇಕೆಂದು ಕೇಳುತ್ತಾ ಬಂದರು. ಲಿಂಡಾ ನೊಕ್ಲಿನ್ ಎಂಬ ವಿದುಷಿಯು 1971ರ ತನ್ನ ಪ್ರಸಿದ್ಧ ಲೇಖನದಲ್ಲಿ, ಕೊರತೆಯಿದ್ದುದು ಸ್ತ್ರೀಯರ ಬುದ್ಧಿಯಲ್ಲಲ್ಲ, ಅವರಿಗೆ ದೊರೆತ ಶಿಕ್ಷಣದಲ್ಲಿ ಎಂದು ಈ ನಿಷೇಧವನ್ನೇ ಮುಂದಿಟ್ಟು ತೋರಿಸಿದಳು. ಇದಕ್ಕೆ ಹ್ಯಾರಿಯೆಟ್ ಹಾಸ್ಮರಳ ಬಾಳೇ ಸಾಕ್ಷಿ. 1830ರಲ್ಲಿ ಅಮೇರಿಕದಲ್ಲಿ ಹುಟ್ಟಿದ ಈಕೆ ಪ್ರತಿಮೆಗಳನ್ನು ಕೆತ್ತಬೇಕೆಂದು ಹಂಬಲಿಸಿದಳು. ಶರೀರರಚನೆಯನ್ನು ಕಲಿಯುವುದಕ್ಕೆ ತನ್ನ ಊರಿನ ಕಡೆ ಅವಕಾಶವಿಲ್ಲದೆ ದೂರದ ಸೇಂಟ್ ಲೂಯಿಸ್ ನಗರದ ವೈದ್ಯಶಾಲೆಗೆ ಹೋಗಿ ಕಲಿತಳು. 1852ರಲ್ಲಿ ರೋಮಿಗೆ ತೆರಳಿ ಅಮೃತಶಿಲೆಯಲ್ಲಿ ಕೆಲಸಮಾಡಿ ಕೀರ್ತಿವಂತಳಾದಳು. ಬಾಗಿಲು ತೆರೆದಲ್ಲಿ ಪ್ರತಿಭೆಯು ಹೊರಬರುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ಬೇಕೇ?

ಆದರೆ ಜೀವಂತ ವ್ಯಕ್ತಿಯನ್ನೇ ನೋಡಿ ಬರೆಯಬೇಕೇಕೆ? ಪುಸ್ತಕದ ಚಿತ್ರವನ್ನು ನಕಲು ಮಾಡಿದರೆ ಸಾಲದೇ? ಸಾಲದು. ನಕಲಿನಲ್ಲಿ ನೋಡುವ ಕೆಲಸವನ್ನು ಬೇರೊಬ್ಬರು ಆಗಲೇ ಮಾಡಿ ಮುಗಿಸಿರುತ್ತಾರೆ. ಒಂದೇ ಕಾಲಿನ ಮೇಲೆ ಭಾರವಿಟ್ಟು ನಿಂತವರನ್ನು ಗಮನಿಸಿರಿ. ಭಾರ ಹೊತ್ತ ಕಡೆಯ ಸೊಂಟವು ಮೇಲಕ್ಕೇರುತ್ತದೆ. ಅದೇ ಕಡೆಯ ಭುಜವು ಕೆಳಗಿಳಿಯುತ್ತದೆ. ಕೊರಳ ಕುಳಿಯಿಂದ ತೂಗುಗುಂಡಿನ ದಾರವನ್ನು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಸಮೀಪಕ್ಕೆ ಬರುತ್ತದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಶಿಲ್ಪಿ ಪೊಲಿಕ್ಲೈಟಸನು ತನ್ನ ಭರ್ಜಿಧಾರಿ ಪ್ರತಿಮೆಯಲ್ಲಿ ತೋರಿಸಿದುದು ಈ ಸಮತೋಲವನ್ನೇ. ಅವನ ಕಂಚಿನ ಮೂಲವು ನಷ್ಟವಾಗಿದೆ. ರೋಮನರು ಮಾಡಿದ ಅಮೃತಶಿಲೆಯ ಪ್ರತಿಗಳು ಉಳಿದಿವೆ. ಸೊಂಟದ ಮೇಲೆ ಕೊಡವನ್ನಿಟ್ಟು ನಿಂತ ನಮ್ಮ ಹೆಂಗಸಿನಲ್ಲಿಯೂ ಶರೀರದ ಇಂಥದೇ ಬಾಗನ್ನು ಕಾಣಬಹುದು. ಇದನ್ನು ತಾನೇ ಕಂಡುಕೊಂಡ ಹುಡುಗಿಗೆ ಪ್ರತಿಮೆಗಳು ಮಾತನಾಡತೊಡಗುತ್ತವೆ.

ಈ ಅಭ್ಯಾಸಕ್ಕೆ ಇದ್ದಲಿನಷ್ಟು ಉತ್ತಮವಾದ ಸಾಧನವಿಲ್ಲ. ವಿಲೋ ಮರದ ಅಥವಾ ದ್ರಾಕ್ಷಿ ಬಳ್ಳಿಯ ತೆಳುಕಡ್ಡಿಗಳನ್ನು ಗಾಳಿಯಾಡದಂತೆ ಮುಚ್ಚಿ ಸುಟ್ಟು ಇದನ್ನು ತಯಾರಿಸುತ್ತಾರೆ. ಕಡ್ಡಿಯನ್ನು ಅಡ್ಡಲಾಗಿ ಎಳೆದರೆ ವಿಶಾಲವಾದ ನೆರಳು, ತುದಿಯಿಂದ ಎಳೆದರೆ ಸೂಕ್ಷ್ಮವಾದ ಗೆರೆ. ತಪ್ಪಿದರೆ ಬಟ್ಟೆಯಿಂದ ಒರಸಬಹುದು. ಹಿಂದಿನವರು ರೊಟ್ಟಿಯ ಮೆದುಭಾಗದಿಂದಲೇ ಅಳಿಸುತ್ತಿದ್ದರು. ಕಣ್ಣನ್ನು ಅರೆಮುಚ್ಚಿ ಬೆಳಕು ನೆರಳುಗಳ ದೊಡ್ಡ ಭಾಗಗಳನ್ನು ಮೊದಲು ಗುರುತಿಸಿ, ಕೈಯನ್ನು ನೀಡಿ ಕಡ್ಡಿಯಿಂದ ಅಳತೆ ಹಿಡಿದು, ಬರೆದುದನ್ನು ಎದುರಿಗಿರುವುದರೊಡನೆ ಹೋಲಿಸಿ, ತಿದ್ದಿ, ಪುನಃ ಬರೆಯಬೇಕು. ಮನಸ್ಸಿಗೆ ತೋಚಿದುದನ್ನಲ್ಲ, ಕಣ್ಣಿಗೆ ಕಂಡುದನ್ನು ಒಪ್ಪಿಕೊಳ್ಳುವ ಈ ಶಿಸ್ತು ಮುಂದೆ ವೈದ್ಯಳಾಗುವವಳಿಗೂ, ಉಪಾಧ್ಯಾಯಿನಿಯಾಗುವವಳಿಗೂ, ಗೃಹಿಣಿಯಾಗುವವಳಿಗೂ ಉಪಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಆಕ್ಷೇಪಣೆಗಳು. ನಮ್ಮ ಶಿಲ್ಪಿಗಳು ತಾಲಮಾನದಿಂದಲೇ ಬೇಲೂರಿನಂಥ ಗುಡಿಗಳನ್ನು ಅಲಂಕರಿಸಿದರು, ಎದುರಿಗೆ ಯಾರನ್ನೂ ನಿಲ್ಲಿಸಿಕೊಳ್ಳಲಿಲ್ಲ ಎಂದು ಕೆಲವರು ಹೇಳುವರು. ಮುಖದ ಉದ್ದವನ್ನು ಒಂದು ತಾಲವೆಂದಿಟ್ಟುಕೊಂಡು ಅದರ ಒಂಬತ್ತರಷ್ಟು ಎತ್ತರದಲ್ಲಿ ವಿಗ್ರಹವನ್ನು ರೂಪಿಸುವ ಆ ಶಾಸ್ತ್ರವು ಪೂಜ್ಯವಾದುದೇ ಸರಿ. ಆದರೆ ಆ ವಿದ್ಯೆಯು ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬಂದಿತೇ ಹೊರತು ಮಗಳಿಗೆ ಬರಲಿಲ್ಲ. ಎರಡು ದಾರಿಗಳೂ ಮುಚ್ಚಿದ್ದಲ್ಲಿ ಒಂದನ್ನು ಹೊಗಳಿ ಇನ್ನೊಂದನ್ನು ನಿರಾಕರಿಸುವುದರಿಂದ ಹುಡುಗಿಗೆ ಏನು ಲಾಭ?

ಎರಡನೆಯದು ಮರ್ಯಾದೆಯ ಪ್ರಶ್ನೆ. ಇದನ್ನು ಲಘುವಾಗಿ ಎಣಿಸತಕ್ಕದ್ದಲ್ಲ. ಪ್ರೌಢಶಾಲೆಯಲ್ಲಿ ಬೇಕಾದುದು ಉಡುಪು ತೊಟ್ಟ ವ್ಯಕ್ತಿ, ಮಡಿಲಲ್ಲಿಟ್ಟ ಕೈ, ನೆರಿಗೆಗಳ ಕೆಳಗಿನ ಪಾದ, ವೃದ್ಧೆಯ ಮುಖ, ಇಷ್ಟು ಮಾತ್ರ. ಸಹಪಾಠಿನಿಯರೇ ಸರದಿಯಂತೆ ಕೂತರಾಯಿತು. ನಗ್ನಾಕೃತಿಯ ಅಭ್ಯಾಸವು ಪ್ರಾಪ್ತವಯಸ್ಕರು ಸೇರುವ ಕಲಾಶಾಲೆಯ ವಿಷಯ. ಅಲ್ಲಿಯೂ ನೋಡುವ ಕಣ್ಣು ವೈದ್ಯವಿದ್ಯಾರ್ಥಿಯ ಕಣ್ಣಿನಂತೆ ಕಲಿಯುವ ಕಣ್ಣೇ. ಮೈಕೆಲೆಂಜೆಲೊ ಯುವಕನಾಗಿದ್ದಾಗ ಫ್ಲಾರೆನ್ಸಿನ ಸಾಂತೋ ಸ್ಪಿರಿಟೊ ಮಠದ ಮುಖ್ಯಸ್ಥರೇ ಅವನಿಗೆ ಶರೀರರಚನೆಯನ್ನು ಅಭ್ಯಸಿಸಲು ಸ್ಥಳ ಕೊಟ್ಟರೆಂದೂ, ಕೃತಜ್ಞತೆಯಿಂದ ಅವನು ಮರದ ಶಿಲುಬೆಮೂರ್ತಿಯನ್ನು ಕೆತ್ತಿಕೊಟ್ಟನೆಂದೂ ಅವನ ಚರಿತ್ರಕಾರರು ಬರೆದಿದ್ದಾರೆ. ಮತ್ತೊಂದು ಮಾತು: ಗಂಟೆಗಟ್ಟಲೆ ಅಲುಗದೆ ನಿಲ್ಲುವ ಆ ಮಾದರಿ ವ್ಯಕ್ತಿಯು ಕಷ್ಟಪಟ್ಟು ದುಡಿಯುವವರು. ಅವರನ್ನು ಹೀನವಾಗಿ ಕಾಣುವ ಮನೆಯಲ್ಲಿ ಮರ್ಯಾದೆಯ ಮಾತು ಒಪ್ಪುವುದಿಲ್ಲ. ಅವರಿಗೆ ಯೋಗ್ಯ ಕೂಲಿಯೂ ಗೌರವವೂ ಸಲ್ಲಬೇಕು.

1897ರಲ್ಲಿ ಪ್ಯಾರಿಸಿನಲ್ಲಿ ತೆರೆದ ಬಾಗಿಲಿನಿಂದಲೇ ಮೂರು ದಶಕಗಳ ತರುವಾಯ ಅಮೃತಾ ಶೇರ್‌ಗಿಲ್ ಒಳಹೋದಳು. ಅಲ್ಲಿ ಜೀವಂತ ವ್ಯಕ್ತಿಗಳನ್ನು ನೋಡಿ ಇದ್ದಲಿನಿಂದ ಬರೆದು ಕೈಯನ್ನು ಪಳಗಿಸಿಕೊಂಡು, 1934ರಲ್ಲಿ ಸ್ವದೇಶಕ್ಕೆ ಮರಳಿ, ನಮ್ಮ ಹಳ್ಳಿಯ ಹೆಂಗಸರನ್ನು ಹಿಂದೆ ಯಾರೂ ತೋರಿಸದ ಘನತೆಯಿಂದ ತೋರಿಸಿದಳು. 1941ರಲ್ಲಿ 28 ವರ್ಷದವಳಾಗಿ ತೀರಿಕೊಂಡ ಆಕೆಯ ಚಿತ್ರಗಳು ಇಂದು ರಾಷ್ಟ್ರದ ಸಂಪತ್ತಾಗಿವೆ.

ನಮ್ಮ ಹುಡುಗಿಯರೆಲ್ಲರೂ ಅಮೃತಾ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ವಾರಕ್ಕೆ ಒಂದು ಗಂಟೆ, ಕೆಲವು ಇದ್ದಲಕಡ್ಡಿ, ಒರಟು ಕಾಗದ, ಎದುರಿಗೆ ಒಬ್ಬ ಮನುಷ್ಯವ್ಯಕ್ತಿ, ಇಷ್ಟನ್ನು ಒದಗಿಸುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಪೂರ್ವ ವಿದ್ಯಾರ್ಥಿನಿಯರಲ್ಲಿ ಈ ವಿದ್ಯೆಯನ್ನು ಬಲ್ಲವರು ಬಂದು ಕಲಿಸಲಿ. ಪೋಷಕರು ಮನಸ್ಸಿನ ಶಂಕೆಯನ್ನು ಬಿಟ್ಟು ಮಕ್ಕಳನ್ನು ಕಳುಹಿಸಲಿ. ಮನುಷ್ಯನ ಮುಖವನ್ನು ತಾಳ್ಮೆಯಿಂದ ನೋಡಲು ಕಲಿತವಳು ಮನುಷ್ಯರನ್ನು ಬೇಗನೆ ಹಗುರವಾಗಿ ಎಣಿಸುವುದಿಲ್ಲ.